ಜಪಾನ್‌ನಲ್ಲಿ ಪ್ರಧಾನಿ ಕುರ್ಚಿ ಯಾಕೆ ಇಷ್ಟು ಅಲುಗಾಡುತ್ತೆ? ಗಟ್ಟಿ ನಾಯಕತ್ವ ಅಂದ್ರೆ ನಿಜಕ್ಕೂ ಏನು?

ಇವತ್ತಿನ ಸಂಚಿಕೆಯನ್ನ ಒಂದು ಸಣ್ಣ ಲೆಕ್ಕದಿಂದ ಶುರು ಮಾಡೋಣ.

ಜಪಾನ್‌ನಲ್ಲಿ ಪ್ರೈಮರಿ ಶಾಲೆ ಆರು ವರ್ಷ. ಅಲ್ಲಿ ಶಾಲೆ ಶುರುವಾಗೋದು ಏಪ್ರಿಲ್‌ನಲ್ಲಿ. 2006ರ ಏಪ್ರಿಲ್‌ನಲ್ಲಿ ಒಂದನೇ ಕ್ಲಾಸಿಗೆ ಸೇರಿದ ಒಂದು ಮಗುವನ್ನು ಊಹಿಸಿಕೊಳ್ಳಿ. ಆಗ ಜುನಿಚಿರೊ ಕೊಯಿಜುಮಿ ಪ್ರಧಾನಿ. ಆಮೇಲೆ ಶಿಂಜೊ ಅಬೆ ಬಂದರು, ಒಂದೇ ವರ್ಷಕ್ಕೆ ಹೋದರು. ಯಾಸುವೊ ಫುಕುಡಾ ಬಂದರು, ಒಂದು ವರ್ಷ. ತಾರೊ ಅಸೊ, ಒಂದು ವರ್ಷ. ಯುಕಿಯೊ ಹಟೊಯಾಮಾ, ಒಂಬತ್ತು ತಿಂಗಳಿಗೂ ಸ್ವಲ್ಪ ಕಮ್ಮಿ. ನಾವೊಟೊ ಕಾನ್, ಒಂದೂಕಾಲು ವರ್ಷ. ಆಮೇಲೆ ಯೊಶಿಹಿಕೊ ನೋಡಾ. 2012ರ ಮಾರ್ಚ್‌ನಲ್ಲಿ ಆ ಮಗು ಆರನೇ ಕ್ಲಾಸು ಮುಗಿಸುವಷ್ಟರಲ್ಲಿ ಏಳು ಪ್ರಧಾನಿಗಳನ್ನು ನೋಡಿ ಆಗಿತ್ತು. ಕ್ಲಾಸ್‌ಗಳಿಗಿಂತ ಪ್ರಧಾನಿಗಳೇ ಒಬ್ಬರು ಜಾಸ್ತಿ!

ತಮಾಷೆ ಅನ್ನಿಸುತ್ತೆ ಅಲ್ವಾ? ಆದ್ರೆ ಯೋಚನೆ ಮಾಡಿ. ಅಲ್ಲೇನೂ ದಂಗೆ ಆಗಿರಲಿಲ್ಲ, ಸೈನ್ಯ ಬೀದಿಗೆ ಇಳಿದಿರಲಿಲ್ಲ. ರೈಲು ಸರಿಯಾದ ಟೈಮಿಗೆ ಓಡುತ್ತಿದ್ದವು, ಕಾರ್ಖಾನೆಗಳು ನಡೆಯುತ್ತಿದ್ದವು. ಎಲ್ಲವೂ ಇಷ್ಟು ಅಚ್ಚುಕಟ್ಟಾಗಿರುವ ದೇಶದಲ್ಲಿ ಮೇಲಿನ ಕುರ್ಚಿ ಮಾತ್ರ ಯಾಕೆ ನಿಲ್ಲಲ್ಲ? 'ಜಪಾನ್‌ಗೆ ಗಟ್ಟಿ ನಾಯಕ ಬೇಕು' ಅಂತ ಅಲ್ಲಿಯವರೇ ದಶಕಗಳಿಂದ ಹೇಳುತ್ತಿದ್ದಾರೆ. ಹಾಗಾದ್ರೆ ಗಟ್ಟಿ ಅಂದ್ರೆ ಏನು? ಜೋರಾಗಿ ಮಾತಾಡೋದಾ? ಎಲ್ಲ ಅಧಿಕಾರ ಒಬ್ಬರ ಕೈಯಲ್ಲಿ ಇರೋದಾ? ಇವತ್ತು ಇದನ್ನೇ ಬಿಡಿಸಿ ನೋಡೋಣ.

ಸಂವಿಧಾನದಲ್ಲೇ ಇಲ್ಲದ ಪ್ರಧಾನಿ

ಸ್ವಲ್ಪ ಹಿಂದೆ ಹೋಗೋಣ. 1889ರಲ್ಲಿ ಜಪಾನ್‌ಗೆ ಮೊದಲ ಆಧುನಿಕ ಸಂವಿಧಾನ ಬಂತು, ಮೇಜಿ ಸಂವಿಧಾನ. ಅದರಲ್ಲಿ ಪ್ರಧಾನಮಂತ್ರಿ ಅನ್ನುವ ಪದವೇ ಇರಲಿಲ್ಲ. ಪ್ರಧಾನಿ ಹುದ್ದೆ ಇತ್ತು, ಸಂವಿಧಾನದಲ್ಲಿ ಹೆಸರಿರಲಿಲ್ಲ. ಪ್ರತಿಯೊಬ್ಬ ಸಚಿವರೂ ಬೇರೆಬೇರೆಯಾಗಿ ಚಕ್ರವರ್ತಿಗೆ ಸಲಹೆ ಕೊಡಬೇಕು, ಅವರಿಗೇ ಉತ್ತರಿಸಬೇಕು. ಪ್ರಧಾನಿ ಅಂದ್ರೆ ಆ ಗುಂಪಿನಲ್ಲಿ ಮುಂದೆ ಕೂತವರು, ಅಷ್ಟೇ. ಯಾವ ಸಚಿವರನ್ನೂ ತೆಗೆದುಹಾಕುವ ಅಧಿಕಾರ ಅವರಿಗೆ ಇರಲಿಲ್ಲ.

1930ರ ದಶಕದಲ್ಲಿ ಇದರ ಪರಿಣಾಮ ಭೀಕರವಾಯಿತು. ಸೇನೆ ತನ್ನ ಸಚಿವರನ್ನು ವಾಪಸ್ ಕರೆಸಿಕೊಂಡರೆ ಸರ್ಕಾರವೇ ಬೀಳುತ್ತಿತ್ತು. 1932ರ ಮೇ 15ರಂದು ಪ್ರಧಾನಿ ಇನುಕಾಯಿ ತ್ಸುಯೊಶಿ ಅವರನ್ನು ನೌಕಾಪಡೆಯ ಯುವ ಅಧಿಕಾರಿಗಳು ಕೊಂದರು. ಆಮೇಲೆ ದೇಶ ಹೆಜ್ಜೆಹೆಜ್ಜೆಯಾಗಿ ಯುದ್ಧಕ್ಕೆ ಇಳಿಯಿತು. ಯುದ್ಧ ಸೋತ ಮೇಲೆ ಒಂದು ಪ್ರಶ್ನೆ ಬಂತು: ಇಷ್ಟು ದೊಡ್ಡ ತೀರ್ಮಾನ ತೆಗೆದುಕೊಂಡವರು ಯಾರು? 'ನಾನು' ಅಂತ ಹೇಳೋಕೆ ಯಾರೂ ಸಿಗಲಿಲ್ಲ. ಮರುಯಾಮಾ ಮಸಾವೊ ಅನ್ನುವ ರಾಜಕೀಯ ಚಿಂತಕರು ಇದಕ್ಕೆ 'ಹೊಣೆಯಿಲ್ಲದ ವ್ಯವಸ್ಥೆ' ಅಂತ ಹೆಸರಿಟ್ಟರು. ಎಲ್ಲರೂ ಸೇರಿ ಮಾಡಿದ್ದು, ಆದ್ದರಿಂದ ಯಾರೂ ಮಾಡಿಲ್ಲ. ಈ ಮಾತನ್ನು ನೆನಪಿಟ್ಟುಕೊಳ್ಳಿ, ಆಮೇಲೆ ಬೇಕಾಗುತ್ತೆ.

1947ರ ಮೇ 3ರಂದು ಹೊಸ ಸಂವಿಧಾನ ಜಾರಿಗೆ ಬಂತು. ಈ ಸಲ ಪ್ರಧಾನಿಗೆ ಹೆಸರೂ ಇದೆ, ಅಧಿಕಾರವೂ ಇದೆ. ಸಂಸತ್ತು ಅವರನ್ನು ಆರಿಸುತ್ತದೆ. ಸಚಿವರನ್ನು ಅವರು ಬೇಕಾದಾಗ ನೇಮಿಸಬಹುದು, ಬೇಡವಾದಾಗ ತೆಗೆಯಬಹುದು. ಅಂದ್ರೆ ಕಾಗದದ ಮೇಲೆ ಜಪಾನ್ ಪ್ರಧಾನಿ ಬಲಿಷ್ಠರೇ. ಹಾಗಾದ್ರೆ ತೊಂದರೆ ಎಲ್ಲಿ?

ಪಕ್ಷದೊಳಗಿನ ಪಕ್ಷಗಳು

ತೊಂದರೆ ಪಕ್ಷದ ಒಳಗೆ. 1955ರ ನವೆಂಬರ್‌ನಲ್ಲಿ ಲಿಬರಲ್ ಡೆಮಾಕ್ರಟಿಕ್ ಪಕ್ಷ, ಎಲ್‌ಡಿಪಿ, ಹುಟ್ಟಿತು. ಅಂದಿನಿಂದ ಎರಡು ಸಣ್ಣ ಅವಧಿ ಬಿಟ್ಟರೆ, ಅಂದ್ರೆ 1993–94 ಮತ್ತು 2009–12, ಸರ್ಕಾರದಲ್ಲಿ ಇರೋದು ಇದೇ ಪಕ್ಷ. ಅಧಿಕಾರ ಪಕ್ಷದ ಕೈಯಲ್ಲಿ ಗಟ್ಟಿ, ನಾಯಕನ ಕೈಯಲ್ಲಿ ಸಡಿಲ.

ಯಾಕೆ ಅಂದ್ರೆ, 1994ರ ಚುನಾವಣಾ ಸುಧಾರಣೆಗೆ ಮುಂಚೆ ಹೆಚ್ಚಿನ ಕ್ಷೇತ್ರಗಳಲ್ಲಿ ಮೂರರಿಂದ ಐದು ಸೀಟು ಇರುತ್ತಿದ್ದವು. ಬಹುಮತ ಬೇಕು ಅಂದ್ರೆ ಒಂದೇ ಕ್ಷೇತ್ರದಲ್ಲಿ ಎಲ್‌ಡಿಪಿಯ ಇಬ್ಬರು ಮೂವರು ನಿಲ್ಲಬೇಕು. ಅವರು ಯಾರ ವಿರುದ್ಧ ಹೋರಾಡುತ್ತಿದ್ದರು? ತಮ್ಮದೇ ಪಕ್ಷದವರ ವಿರುದ್ಧ! ಪಕ್ಷದ ಹೆಸರು ಎಲ್ಲರಿಗೂ ಒಂದೇ, ಹಾಗಾಗಿ ದುಡ್ಡಿಗೆ, ಬೆಂಬಲಕ್ಕೆ ಪಕ್ಷದೊಳಗಿನ ಒಂದು ಬಣ ಹಿಡಿಯಲೇಬೇಕು. ಬಣದ ಮುಖಂಡರು ಕೂತು ಪ್ರಧಾನಿ ಯಾರು ಅಂತ ತೀರ್ಮಾನಿಸುತ್ತಿದ್ದರು, ಸಚಿವ ಸ್ಥಾನ ಹಂಚಿಕೊಳ್ಳುತ್ತಿದ್ದರು. ಎಲ್ಲರಿಗೂ ಸರದಿ ಬರಬೇಕಲ್ಲ, ಹಾಗಾಗಿ ಹೆಚ್ಚೂಕಮ್ಮಿ ವರ್ಷಕ್ಕೊಮ್ಮೆ ಸಂಪುಟ ಬದಲು.

ವರ್ಷಕ್ಕೊಬ್ಬ ಸಚಿವ ಬಂದರೆ ಇಲಾಖೆ ನಡೆಸೋದು ಯಾರು? ಅಧಿಕಾರಿಗಳು. ಸಂಪುಟ ಸಭೆಯ ಹಿಂದಿನ ದಿನ ಎಲ್ಲ ಇಲಾಖೆಗಳ ಅತಿ ಹಿರಿಯ ಅಧಿಕಾರಿಗಳ ಒಂದು ಸಭೆ ನಡೆಯುತ್ತಿತ್ತು. ಅಲ್ಲಿ ಒಮ್ಮತ ಆಗದ ವಿಷಯ ಸಂಪುಟದ ಮುಂದೆ ಬರುತ್ತಲೇ ಇರಲಿಲ್ಲ. ಮಾರನೇ ದಿನ ಸಚಿವರ ಕೆಲಸ ಬಹುತೇಕ ಸಹಿ ಹಾಕೋದು. 2009ರವರೆಗೂ ಈ ಪದ್ಧತಿ ನಡೆದುಕೊಂಡು ಬಂದಿತ್ತು.

ಇದರ ಮೇಲೆ ಕುಟುಂಬ ರಾಜಕೀಯ. 2006ರಿಂದ 2010ರವರೆಗೆ ಸಾಲಾಗಿ ಬಂದ ನಾಲ್ವರನ್ನು ನೋಡಿ. ಅಬೆ ಅವರ ತಾತ ನೊಬುಸುಕೆ ಕಿಶಿ ಪ್ರಧಾನಿ. ಫುಕುಡಾ ಅವರ ತಂದೆ ತಾಕೆವೊ ಫುಕುಡಾ ಪ್ರಧಾನಿ. ಅಸೊ ಅವರ ತಾತ ಶಿಗೆರು ಯೊಶಿದಾ ಪ್ರಧಾನಿ. ಹಟೊಯಾಮಾ ಅವರ ತಾತ ಇಚಿರೊ ಹಟೊಯಾಮಾ ಪ್ರಧಾನಿ. ನಾಲ್ಕಕ್ಕೆ ನಾಲ್ಕು! ಚುನಾವಣೆ ಗೆಲ್ಲೋಕೆ ಮೂರು 'ಬಾನ್' ಬೇಕು ಅಂತ ಜಪಾನ್‌ನಲ್ಲಿ ಹೇಳ್ತಾರೆ. ಜಿಬಾನ್ ಅಂದ್ರೆ ಊರಿನ ನೆಲೆ, ಕಾನ್‌ಬಾನ್ ಅಂದ್ರೆ ಹೆಸರಿನ ಬೋರ್ಡು, ಕಾಬಾನ್ ಅಂದ್ರೆ ದುಡ್ಡಿನ ಚೀಲ. ಈ ಮೂರೂ ಮನೆಯಲ್ಲೇ ಸಿಕ್ಕವರಿಗೆ ಸೀಟು ಸುಲಭ. ಆದ್ರೆ ಕಷ್ಟದ ಮಾತನ್ನು ಜನರ ಮುಂದೆ ನಿಂತು ಒಪ್ಪಿಸುವ ಅಭ್ಯಾಸ ಚೀಲದಲ್ಲಿ ಬರಲ್ಲ.

ಬೇರಿನ ಸುತ್ತ ಅಗೆಯೋದು

ರಾಜಕೀಯದ ಜೊತೆಗೆ ಒಂದು ಸಾಮಾಜಿಕ ಅಭ್ಯಾಸವೂ ಇದೆ. ನೆಮವಾಶಿ. ಇದು ತೋಟಗಾರಿಕೆಯ ಪದ. ದೊಡ್ಡ ಮರವನ್ನು ಬೇರೆ ಜಾಗಕ್ಕೆ ನೆಡಬೇಕಾದರೆ ಒಮ್ಮೆಲೇ ಕಿತ್ತರೆ ಸಾಯುತ್ತೆ. ಅದಕ್ಕೆ ಮೊದಲೇ ಬೇರಿನ ಸುತ್ತ ಅಗೆದು, ನಿಧಾನಕ್ಕೆ ಅಣಿ ಮಾಡ್ತಾರೆ. ಕಚೇರಿಯಲ್ಲೂ ಹಾಗೇ. ಮೀಟಿಂಗ್‌ಗೆ ಮುಂಚೆಯೇ ಒಬ್ಬೊಬ್ಬರನ್ನಾಗಿ ಕಂಡು ಮಾತಾಡಿ ಒಪ್ಪಿಸಿರಬೇಕು. ಮೀಟಿಂಗ್‌ನಲ್ಲಿ ಯಾರಿಗೂ ಅಚ್ಚರಿ ಆಗಬಾರದು. ಬಿಡದಿಯ ಟೊಯೊಟಾ ಕಾರ್ಖಾನೆಯಲ್ಲೋ ಬೇರೆ ಜಪಾನೀ ಕಂಪನಿಯಲ್ಲೋ ಕೆಲಸ ಮಾಡುವ ಗೆಳೆಯರಿದ್ದರೆ ಕೇಳಿ ನೋಡಿ, ಈ ಪದ ಅವರ ಕಿವಿಗೆ ಬಿದ್ದಿರಬಹುದು.

ಇದು ಕೆಟ್ಟದ್ದು ಅಂತ ನಾನು ಹೇಳ್ತಿಲ್ಲ. ಕಾರು ತಯಾರಿಸೋಕೆ ಇದು ಒಳ್ಳೆಯ ಪದ್ಧತಿ. ಒಮ್ಮೆ ಒಪ್ಪಿಗೆ ಆದ ಮೇಲೆ ಕೆಲಸ ಸರಸರ ಆಗುತ್ತೆ, ಯಾರೂ ಹಿಂದಿನಿಂದ ಕಾಲೆಳೆಯಲ್ಲ. ಆದ್ರೆ ಎರಡು ಸಂದರ್ಭದಲ್ಲಿ ಇದು ಕೈಕೊಡುತ್ತೆ. ಒಂದು, ಯಾರಿಗಾದ್ರೂ ನಷ್ಟ ಆಗಲೇಬೇಕಾದ ತೀರ್ಮಾನ. ಎರಡು, ಕಾಯೋಕೆ ಟೈಮೇ ಇಲ್ಲದ ತೀರ್ಮಾನ. ಎರಡಕ್ಕೂ ಒಂದೊಂದು ಕತೆ ಹೇಳ್ತೀನಿ.

ಒಂದು ತೆರಿಗೆ, 40 ವರ್ಷ

ಮೊದಲನೆಯದು ಬಳಕೆ ತೆರಿಗೆ. ಅಂಗಡಿಯಲ್ಲಿ ಏನೇ ಕೊಂಡರೂ ಕಟ್ಟಬೇಕು, ನಮ್ಮ ಜಿಎಸ್‌ಟಿ ತರಹ ಅಂದುಕೊಳ್ಳಿ. 1979ರಲ್ಲಿ ಪ್ರಧಾನಿ ಮಸಾಯೊಶಿ ಒಹಿರಾ ಈ ಮಾತು ಎತ್ತಿದರು. ಜನ ಸಿಟ್ಟಾದರು, ಪ್ರಚಾರದ ನಡುವೆಯೇ ಅವರು ಹಿಂದೆ ಸರಿದರೂ ಚುನಾವಣೆಯಲ್ಲಿ ಪಕ್ಷಕ್ಕೆ ಬಹುಮತ ತಪ್ಪಿತು. 1987ರಲ್ಲಿ ಯಾಸುಹಿರೊ ನಕಸೊನೆ ಬೇರೆ ಹೆಸರಿನಲ್ಲಿ ತರಲು ಹೋದರು, ಮಸೂದೆ ಬಿದ್ದುಹೋಯಿತು. 1989ರಲ್ಲಿ ನೊಬೊರು ತಕೆಶಿತಾ 3% ಜಾರಿ ಮಾಡಿದರು. ಅದರ ಮೇಲೆ ರಿಕ್ರೂಟ್ ಷೇರು ಹಗರಣವೂ ಸೇರಿ ಅದೇ ವರ್ಷ ಕುರ್ಚಿ ಹೋಯಿತು. 1997ರಲ್ಲಿ ರ‍್ಯುತಾರೊ ಹಶಿಮೊಟೊ 5%ಗೆ ಏರಿಸಿದರು, ಮಾರನೇ ವರ್ಷ ಮೇಲ್ಮನೆ ಚುನಾವಣೆ ಸೋತು ರಾಜೀನಾಮೆ ಕೊಟ್ಟರು. 2012ರಲ್ಲಿ ನೋಡಾ ವಿರೋಧ ಪಕ್ಷವನ್ನೂ ಒಪ್ಪಿಸಿ 10%ವರೆಗೆ ಏರಿಸುವ ಕಾನೂನು ಮಾಡಿದರು. ಡಿಸೆಂಬರ್‌ನಲ್ಲಿ ಚುನಾವಣೆ ಬಂತು, ಅವರ ಪಕ್ಷ 57 ಸೀಟಿಗೆ ಇಳಿಯಿತು. ಆಮೇಲೆ ಬಂದ ಅಬೆ 2014ರಲ್ಲಿ 8% ಮಾಡಿದರು. ಅಷ್ಟು ಬಲವಿದ್ದ ಅಬೆ ಕೂಡ 10%ಅನ್ನು ಎರಡು ಸಲ ಮುಂದಕ್ಕೆ ಹಾಕಿ 2019ರ ಅಕ್ಟೋಬರ್‌ನಲ್ಲಿ ಜಾರಿಗೆ ತಂದರು.

ತೆರಿಗೆ ಏರಿಸೋದು ಸರಿಯೋ ತಪ್ಪೋ ಅನ್ನೋದು ಬೇರೆ ಚರ್ಚೆ. ನಾವು ಗಮನಿಸಬೇಕಾದ್ದು ಇದು: ಕಷ್ಟದ ಬಿಲ್ಲನ್ನು ಜನರ ಮುಂದೆ ಇಟ್ಟವರು ಒಬ್ಬೊಬ್ಬರಾಗಿ ಮನೆಗೆ ಹೋದರು. ಸಂಸತ್ತಿನ ಮೇಲ್ಮನೆಗೆ ಮೂರು ವರ್ಷಕ್ಕೊಮ್ಮೆ ಚುನಾವಣೆ, ಕೆಳಮನೆಗೆ ಯಾವಾಗ ಬೇಕಾದರೂ, ಪಕ್ಷದ ಅಧ್ಯಕ್ಷ ಸ್ಥಾನಕ್ಕೆ ಮೂರು ವರ್ಷಕ್ಕೊಮ್ಮೆ. ಯಾವಾಗಲೂ ಮುಂದಿನ ಪರೀಕ್ಷೆ ಹತ್ತಿರದಲ್ಲೇ ಇರುತ್ತೆ. ಹಾಗಾಗಿ ಬಹಳಷ್ಟು ಪ್ರಧಾನಿಗಳು ಕಲಿತ ಪಾಠ, ಸುಮ್ಮನಿರೋದೇ ಕ್ಷೇಮ.

2011ರ ಆ ರಾತ್ರಿ

ಎರಡನೇ ಕತೆ, ಟೈಮಿಲ್ಲದ ತೀರ್ಮಾನ. 2011ರ ಮಾರ್ಚ್ 11, ಮಧ್ಯಾಹ್ನ 2:46. 9.0 ತೀವ್ರತೆಯ ಭೂಕಂಪ, ಹಿಂದೆಯೇ ಸುನಾಮಿ. ಫುಕುಶಿಮಾ ಅಣು ಸ್ಥಾವರದಲ್ಲಿ ಕರೆಂಟು ಹೋಯಿತು, ರಿಯಾಕ್ಟರ್ ತಣ್ಣಗಿಡೋಕೆ ದಾರಿ ಇಲ್ಲ. ಜನರನ್ನು ಖಾಲಿ ಮಾಡಿಸುವ ಆದೇಶ ಮೊದಲು 3 ಕಿಲೋಮೀಟರ್, ಮರುದಿನ ಬೆಳಿಗ್ಗೆ 10, ಸಂಜೆಗೆ 20.

ಪ್ರಧಾನಿ ನಾವೊಟೊ ಕಾನ್‌ಗೆ ಮಾಹಿತಿ ಸರಿಯಾಗಿ ಬರುತ್ತಿರಲಿಲ್ಲ. ಮರುದಿನ ಬೆಳಿಗ್ಗೆ ಅವರೇ ಹೆಲಿಕಾಪ್ಟರ್ ಹತ್ತಿ ಸ್ಥಾವರಕ್ಕೆ ಹೋದರು. ನೋಡೋಕೆ ಧೈರ್ಯದ ಕೆಲಸ. ಆದ್ರೆ ಅಲ್ಲಿ ಹೆಣಗಾಡುತ್ತಿದ್ದ ಎಂಜಿನಿಯರ್‌ಗಳು ಕೆಲಸ ಬಿಟ್ಟು ಪ್ರಧಾನಿಗೆ ವಿವರಣೆ ಕೊಡಬೇಕಾಯಿತು ಅಂತ ಆಮೇಲೆ ಟೀಕೆ ಬಂತು. ಇನ್ನೊಂದು ಕಡೆ, ವಿಕಿರಣ ಎತ್ತ ಹರಡುತ್ತೆ ಅಂತ ಲೆಕ್ಕ ಹಾಕುವ ಕಂಪ್ಯೂಟರ್ ವ್ಯವಸ್ಥೆ ಸರ್ಕಾರದ ಹತ್ತಿರ ಇತ್ತು. ಅದರ ಮಾಹಿತಿ ಜನರಿಗೆ ಟೈಮಿಗೆ ತಲುಪಲಿಲ್ಲ. ನಮಿಯೆ ಊರಿನ ಎಷ್ಟೋ ಜನ, ವಿಕಿರಣ ಜಾಸ್ತಿ ಇದ್ದ ಕಡೆಗೇ ಮಕ್ಕಳನ್ನು ಕರೆದುಕೊಂಡು ಹೋದರು.

ಅದೇ ಸಮಯದಲ್ಲಿ ಸ್ಥಾವರದ ಮುಖ್ಯಸ್ಥ ಮಸಾವೊ ಯೊಶಿದಾ ರಿಯಾಕ್ಟರ್‌ಗೆ ಸಮುದ್ರದ ನೀರು ಬಿಡಿಸುತ್ತಿದ್ದರು. ಪ್ರಧಾನಿ ಕಚೇರಿಯಲ್ಲಿದ್ದ ಕಂಪನಿಯ ಹಿರಿಯರೊಬ್ಬರು ಫೋನ್ ಮಾಡಿ, ಅಲ್ಲಿ ಇನ್ನೂ ಒಪ್ಪಿಗೆ ಸಿಕ್ಕಿಲ್ಲ, ನಿಲ್ಲಿಸಿ ಅಂದರು. ಯೊಶಿದಾ ಏನು ಮಾಡಿದರು ಗೊತ್ತಾ? ವಿಡಿಯೋ ಕಾನ್ಫರೆನ್ಸ್‌ನಲ್ಲಿ ಎಲ್ಲರಿಗೂ ಕೇಳುವ ಹಾಗೆ ನಿಲ್ಲಿಸಿ ಅಂತ ಆದೇಶ ಕೊಟ್ಟರು. ಪಕ್ಕದಲ್ಲಿದ್ದವರಿಗೆ ಮಾತ್ರ ಮೆಲ್ಲಗೆ, ನಾನು ಏನೇ ಹೇಳಿದರೂ ನಿಲ್ಲಿಸಬೇಡಿ ಅಂತ ಮೊದಲೇ ಹೇಳಿದ್ದರು. ನೀರು ನಿಲ್ಲಲಿಲ್ಲ. ಸರಿಯಾದ ತೀರ್ಮಾನ ತೆಗೆದುಕೊಂಡ ಮನುಷ್ಯ ಅದನ್ನು ಮೇಲಿನವರಿಂದ ಬಚ್ಚಿಟ್ಟು ಮಾಡಬೇಕಾಯಿತು. ವ್ಯವಸ್ಥೆ ಎಲ್ಲಿ ಕೆಟ್ಟಿದೆ ಅಂತ ಇದೊಂದೇ ಹೇಳುತ್ತೆ.

ಸಂಸತ್ತು ನೇಮಿಸಿದ ಸ್ವತಂತ್ರ ತನಿಖಾ ಆಯೋಗ 2012ರಲ್ಲಿ ವರದಿ ಕೊಟ್ಟಿತು. ಇದು ಮನುಷ್ಯರೇ ಮಾಡಿದ ದುರಂತ, ಸರ್ಕಾರ, ನಿಯಂತ್ರಕರು, ಕಂಪನಿ ಮೂವರೂ ಸೇರಿ ಆದದ್ದು ಅಂತ ಅದು ಹೇಳಿತು. ಮರುಯಾಮಾ ಮಾತು ನೆನಪಾಯ್ತಾ?

ಗಟ್ಟಿ ನಾಯಕರು ಬಂದಾಗ

ಹಾಗಂತ ಜಪಾನ್ ಗಟ್ಟಿ ನಾಯಕರನ್ನು ನೋಡೇ ಇಲ್ಲ ಅಂತಲ್ಲ. ಕೊಯಿಜುಮಿಗೆ ಅಂಚೆ ಇಲಾಖೆಯನ್ನು ಖಾಸಗಿ ಮಾಡಬೇಕಿತ್ತು. ಜಪಾನ್ ಅಂಚೆ ಅಂದ್ರೆ ಬರೀ ಕಾಗದ ಹಂಚೋದಲ್ಲ, ಉಳಿತಾಯ ಮತ್ತು ವಿಮೆಯ ಬೃಹತ್ ಖಜಾನೆ. 2005ರ ಆಗಸ್ಟ್ 8ರಂದು ಮೇಲ್ಮನೆಯಲ್ಲಿ ಮಸೂದೆ 108–125ರಲ್ಲಿ ಸೋತಿತು. ಸೋಲಿಸಿದ್ದರಲ್ಲಿ ಅವರದೇ ಪಕ್ಷದವರೂ ಇದ್ದರು. ಕೊಯಿಜುಮಿ ಅದೇ ದಿನ ಕೆಳಮನೆ ವಿಸರ್ಜಿಸಿದರು. ಬಂಡೆದ್ದವರಿಗೆ ಟಿಕೆಟ್ ಕೊಡಲಿಲ್ಲ, ಅವರ ವಿರುದ್ಧವೇ ಹೊಸಬರನ್ನು ನಿಲ್ಲಿಸಿದರು. ಸೆಪ್ಟೆಂಬರ್ 11ರಂದು 480ರಲ್ಲಿ 296 ಸೀಟು ಗೆದ್ದರು, ಮಸೂದೆ ಪಾಸಾಯಿತು. ಇಷ್ಟವಾಗಲಿ ಬಿಡಲಿ, ಒಂದು ವಿಷಯ ಸ್ಪಷ್ಟ: ಇದು ನನ್ನ ತೀರ್ಮಾನ, ಬೇಕಾ ಬೇಡ್ವಾ ನೀವೇ ಹೇಳಿ ಅಂತ ಅವರು ಜನರನ್ನು ನೇರವಾಗಿ ಕೇಳಿದರು.

ಅಬೆ ಎರಡನೇ ಸಲ 2012ರ ಡಿಸೆಂಬರ್‌ನಲ್ಲಿ ಬಂದು 2020ರವರೆಗೆ ಇದ್ದರು. ಎರಡೂ ಅವಧಿ ಸೇರಿಸಿದರೆ ಜಪಾನ್ ಇತಿಹಾಸದಲ್ಲೇ ಅತಿ ಹೆಚ್ಚು ಕಾಲ ಆಳಿದ ಪ್ರಧಾನಿ. 2014ರಲ್ಲಿ ಅವರ ಸರ್ಕಾರ ಸಿಬ್ಬಂದಿ ವ್ಯವಹಾರಗಳ ಹೊಸ ಕಚೇರಿ ತೆರೆಯಿತು. ಸುಮಾರು 600 ಉನ್ನತ ಅಧಿಕಾರಿಗಳ ನೇಮಕ ಪ್ರಧಾನಿ ಕಚೇರಿಯ ಹಿಡಿತಕ್ಕೆ ಬಂತು. ಅಧಿಕಾರಿಗಳ ರಾಜ್ಯ ಮುಗಿಯಿತು, ಕೊನೆಗೂ ಗಟ್ಟಿ ನಾಯಕತ್ವ ಅಂತ ಹಲವರು ಖುಷಿಪಟ್ಟರು.

ಆಗ ಒಂದು ಹಳೆಯ ಪದ ಎಲ್ಲರ ಬಾಯಿಗೆ ಬಂತು. ಸೊಂತಾಕು. ಮೇಲಿನವರು ಬಾಯಿಬಿಟ್ಟು ಹೇಳದಿದ್ದರೂ ಅವರ ಮನಸ್ಸಿನಲ್ಲಿ ಇರೋದನ್ನು ಊಹಿಸಿ ಮೊದಲೇ ಮಾಡಿಬಿಡೋದು. 2017ರಲ್ಲಿ ಒಂದು ಸುದ್ದಿ ಹೊರಬಿತ್ತು. ಒಸಾಕಾದಲ್ಲಿ ಶಾಲೆ ಕಟ್ಟಲು ಒಂದು ಸಂಸ್ಥೆಗೆ ಸರ್ಕಾರಿ ಜಾಗ ಭಾರೀ ರಿಯಾಯಿತಿಗೆ ಮಾರಾಟವಾಗಿತ್ತು. ಅಬೆ ಅವರ ಪತ್ನಿ ಆ ಶಾಲೆಗೆ ಗೌರವ ಮುಖ್ಯಸ್ಥೆ ಆಗಬೇಕಿತ್ತು. ತಮಗೂ ಮಾರಾಟಕ್ಕೂ ಸಂಬಂಧವಿಲ್ಲ ಅಂತ ಅಬೆ ಹೇಳಿದರು. 2018ರಲ್ಲಿ, ಮಾರಾಟದ ದಾಖಲೆಗಳನ್ನು ತಿದ್ದಿದ್ದು ನಿಜ ಅಂತ ಹಣಕಾಸು ಸಚಿವಾಲಯ ಒಪ್ಪಿಕೊಂಡಿತು. ತಿದ್ದುವ ಕೆಲಸ ತಲೆಗೆ ಬಿದ್ದ ಒಬ್ಬ ಸ್ಥಳೀಯ ಅಧಿಕಾರಿ ಅದೇ ತಿಂಗಳು ಜೀವ ಕಳೆದುಕೊಂಡರು.

ಅವರ ಪತ್ನಿ 2020ರಲ್ಲಿ ಕೋರ್ಟಿಗೆ ಹೋದರು. ಅವರಿಗೆ ಬೇಕಿದ್ದದ್ದು ಒಂದೇ: ಯಾರು ಹೇಳಿದ್ದು, ಯಾಕೆ ಹೇಳಿದ್ದು? 2021ರ ಡಿಸೆಂಬರ್‌ನಲ್ಲಿ ಸರ್ಕಾರ ಇದ್ದಕ್ಕಿದ್ದಂತೆ, ಪರಿಹಾರದ ಹಣ ಪೂರ್ತಿ ಕೊಡ್ತೀವಿ ಅಂತ ಒಪ್ಪಿಕೊಂಡುಬಿಟ್ಟಿತು. ಸರ್ಕಾರದ ವಿರುದ್ಧದ ಕೇಸು ಅಲ್ಲಿಗೇ ಮುಗಿಯಿತು. ಯಾರನ್ನೂ ಪ್ರಶ್ನೆ ಮಾಡೋಕೆ ಆಗಲಿಲ್ಲ. ಹಣ ಸಿಕ್ಕಿತು, ಉತ್ತರ ಸಿಗಲಿಲ್ಲ. ಅವರು ಬಿಡಲಿಲ್ಲ. ದಾಖಲೆಗಳಿಗಾಗಿ ಇನ್ನೊಂದು ಕೇಸು ನಡೆಸಿದರು. 2025ರ ಜನವರಿಯಲ್ಲಿ ಒಸಾಕಾ ಹೈಕೋರ್ಟ್ ಅವರ ಪರ ತೀರ್ಪು ಕೊಟ್ಟಿತು. ಆಗ ಪ್ರಧಾನಿ ಶಿಗೆರು ಇಶಿಬಾ, ಕೆಳಮನೆಯಲ್ಲಿ ಬಹುಮತವೇ ಇಲ್ಲದವರು. ಅವರ ಸರ್ಕಾರ ಮೇಲ್ಮನವಿ ಬೇಡ ಅಂತ ತೀರ್ಮಾನಿಸಿ ಕಾಗದಗಳನ್ನು ಬಿಡುಗಡೆ ಮಾಡತೊಡಗಿತು. ಬಲಿಷ್ಠ ಅಂತ ಕರೆಸಿಕೊಂಡ ಸರ್ಕಾರ ಮುಚ್ಚಿಟ್ಟಿದ್ದನ್ನು ದುರ್ಬಲ ಅನ್ನಿಸಿಕೊಂಡ ಸರ್ಕಾರ ತೆರೆಯಿತು.

ಹಾಗಾದ್ರೆ ಈಗ ಏನು ಬೇಕು?

ಈಗ ಮೊದಲ ಪ್ರಶ್ನೆಗೆ ಬರೋಣ. ಜಪಾನ್‌ಗೆ ಗಟ್ಟಿ ನಾಯಕತ್ವ ಬೇಕಾ? ಬೇಕು, ತುರ್ತಾಗಿ ಬೇಕು. ಜನಸಂಖ್ಯೆ ನೋಡಿ. 1949ರಲ್ಲಿ ಒಂದೇ ವರ್ಷ ಸುಮಾರು 27 ಲಕ್ಷ ಮಕ್ಕಳು ಹುಟ್ಟಿದ್ದರು. 2024ರಲ್ಲಿ ಹುಟ್ಟಿದ್ದು ಸುಮಾರು 6.86 ಲಕ್ಷ, ತೀರಿಕೊಂಡವರು ಸುಮಾರು 16 ಲಕ್ಷ. ಒಬ್ಬ ಮಹಿಳೆಗೆ ಸರಾಸರಿ ಮಕ್ಕಳು 1.15. ಇದು ರಾತ್ರೋರಾತ್ರಿ ಆದದ್ದಲ್ಲ. 1989ರಲ್ಲೇ ಈ ಸಂಖ್ಯೆ 1.57ಕ್ಕೆ ಇಳಿದಾಗ ದೇಶ ಬೆಚ್ಚಿತ್ತು. ಮಕ್ಕಳಿಗಾಗಿ ಪ್ರತ್ಯೇಕ ಸರ್ಕಾರಿ ಸಂಸ್ಥೆ ಬಂದಿದ್ದು 2023ರ ಏಪ್ರಿಲ್‌ನಲ್ಲಿ. ಗಂಟೆ ಹೊಡೆದು 30 ವರ್ಷ ದಾಟಿದ ಮೇಲೆ! ಸರ್ಕಾರದ ಸಾಲ ದೇಶದ ಒಂದು ವರ್ಷದ ಒಟ್ಟು ಉತ್ಪನ್ನದ ಎರಡು ಪಟ್ಟಿಗೂ ಜಾಸ್ತಿ. ವೃದ್ಧರ ಆರೈಕೆಗೆ ದುಡ್ಡು ಯಾರು ಕೊಡಬೇಕು, ಹೊರದೇಶದ ಕೆಲಸಗಾರರನ್ನು ಎಷ್ಟು ಕರೆಸಬೇಕು, ಇವೆಲ್ಲ ಯಾರಿಗೋ ನೋವಾಗುವ ತೀರ್ಮಾನಗಳೇ.

ಆದ್ರೆ ರಾಜಕೀಯ ಮತ್ತೆ ಅಲುಗಾಡಿತು. ಬಣಗಳ ಲೆಕ್ಕಕ್ಕೆ ಸಿಗದ ಹಣದ ಹಗರಣ 2023ರ ಕೊನೆಯಲ್ಲಿ ಸಿಡಿಯಿತು. 2024ರ ಅಕ್ಟೋಬರ್ ಚುನಾವಣೆಯಲ್ಲಿ ಎಲ್‌ಡಿಪಿ ಮತ್ತು ಮಿತ್ರಪಕ್ಷ ಕೊಮೈತೊಗೆ 465ರಲ್ಲಿ ಸಿಕ್ಕಿದ್ದು 215. 2025ರ ಜುಲೈನಲ್ಲಿ ಮೇಲ್ಮನೆ ಬಹುಮತವೂ ಹೋಯಿತು. ಇಶಿಬಾ ಇಳಿದರು. ಅಕ್ಟೋಬರ್‌ನಲ್ಲಿ ಸನೇ ತಕೈಚಿ ಜಪಾನ್‌ನ ಮೊದಲ ಮಹಿಳಾ ಪ್ರಧಾನಿಯಾದರು. ದೊಡ್ಡ ಘಟನೆಯೇ, ಅನುಮಾನ ಇಲ್ಲ. ಆದರೆ ಕುರ್ಚಿಯಲ್ಲಿ ಕೂತವರು ಬದಲಾದರೆ ಕುರ್ಚಿಯ ಕಾಲು ತಾನಾಗಿ ಗಟ್ಟಿಯಾಗಲ್ಲ.

ನಾವು ನೋಡಿದ ಕತೆಗಳಿಂದ ಗಟ್ಟಿತನಕ್ಕೆ ಮೂರು ಅರ್ಥ ಸಿಗುತ್ತೆ. ಮೊದಲನೆಯದು, ಕಷ್ಟದ ವಿಷಯವನ್ನು ಚುನಾವಣೆಗೆ ಮುಂಚೆ ಹೇಳೋದು, ಆಮೇಲೆ ಅಲ್ಲ. ಎರಡನೆಯದು, ತುರ್ತು ಬಂದಾಗ ಯಾರು ಏನು ತೀರ್ಮಾನಿಸಬೇಕು ಅಂತ ಮೊದಲೇ ನಿಗದಿ ಮಾಡಿ, ಕೆಲಸ ಗೊತ್ತಿರುವವರಿಗೆ ಬಿಡೋದು. ಯೊಶಿದಾ ತರಹದವರು ಬಚ್ಚಿಟ್ಟು ಸರಿ ಕೆಲಸ ಮಾಡುವ ಗತಿ ಬರಬಾರದು. ಮೂರನೆಯದು, ತೀರ್ಮಾನಕ್ಕೆ ದಾಖಲೆ ಇಡೋದು, ಕೇಳಿದಾಗ 'ಹೌದು, ನಾನೇ' ಅಂತ ಉತ್ತರಿಸೋದು. ಮೊದಲ ಎರಡು ಇದ್ದು ಮೂರನೆಯದು ಇಲ್ಲದಿದ್ದರೆ ಏನಾಗುತ್ತೆ ಅನ್ನೋದಕ್ಕೆ ಆ ಅಧಿಕಾರಿಯ ಮನೆಯೇ ಸಾಕ್ಷಿ.

ಹಾಗೇ ಜನರ ಪಾಲೂ ಇದೆ. 2021ರ ಚುನಾವಣೆಯಲ್ಲಿ 60ರ ವಯಸ್ಸಿನವರಲ್ಲಿ ಸುಮಾರು 71% ಮತ ಹಾಕಿದರು. 20ರ ವಯಸ್ಸಿನವರು ಸುಮಾರು 36%. ನಾಯಕರು ಯಾರ ಮಾತಿಗೆ ಹೆದರುತ್ತಾರೆ ಅಂತ ಬೇರೆ ಹೇಳಬೇಕಾ?

ಮೊದಲಿಗೆ ಹೇಳಿದ ಆ ಮಗು ನೆನಪಿದೆಯಾ? ಇವತ್ತು ಆ ಮಗು ಇಪ್ಪತ್ತೈದು ದಾಟಿದ ಯುವಕನೋ ಯುವತಿಯೋ ಆಗಿರುತ್ತೆ, ಸರಿಸುಮಾರು ನಿಮ್ಮದೇ ವಯಸ್ಸು. ಕೊಯಿಜುಮಿಯಿಂದ ತಕೈಚಿವರೆಗೆ ಹನ್ನೊಂದು ಪ್ರಧಾನಿಗಳನ್ನು ನೋಡಿ ಆಯಿತು. ದೇಶದ ಸಾಲ, ವಯಸ್ಸಾಗುತ್ತಿರುವ ಊರುಗಳು, ಮುಚ್ಚುತ್ತಿರುವ ಶಾಲೆಗಳು, ಎಲ್ಲದರ ಬಿಲ್ಲು ಬರೋದು ಆ ತಲೆಮಾರಿನ ಹೆಸರಿಗೇ. ಬಿಲ್ಲು ತಮ್ಮ ಹೆಸರಿಗೆ ಬರುವಾಗ, ಸಹಿ ಹಾಕಿದ್ದು ಯಾರು ಅಂತ ಕೇಳುವ ಹಕ್ಕಂತೂ ಅವರಿಗೆ ಇದೆ.